ಶಿವನಂಜಮ್ಮನವರ ಅನ್ನದ ಹರಕೆ

2025ರ ಅಕ್ಟೋಬರ್ ಹತ್ತು, ಶುಕ್ರವಾರ. ಹೊನ್ನೂರಿನ ಪುಟ್ಟಮಾದಪ್ಪನವರ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಎರಡೂವರೆ ದಾಟಿತ್ತು. ಗಾಜಾದಲ್ಲಿ ಯುದ್ಧ ನಿಂತಿತೆಂದು ಟಿವಿಯಲ್ಲಿ ಬಂತು. ಮೂವರ ತಟ್ಟೆಯಲ್ಲಿ ಅನ್ನ, ಹುರುಳಿಕಾಳಿನ ಸಾರು. ನಾಲ್ಕನೆಯ ತಟ್ಟೆಯಲ್ಲಿ ರಾಗಿ ಮುದ್ದೆ. ಅದು ಮನೆಯೊಡತಿ ಶಿವನಂಜಮ್ಮನವರದು.

"ಅಜ್ಜಿ, ನಿಂತೋಯ್ತಂತೆ," ಎಂದಳು ಹನ್ನೊಂದು ವರ್ಷದ ಮೊಮ್ಮಗಳು ಭವ್ಯಶ್ರೀ. "ಅನ್ನ ಆಕ್ಲಾ?"

"ಇಟ್ಟೇ ಸಾಕು," ಎಂದರು ಶಿವನಂಜಮ್ಮ, ಮುದ್ದೆ ಮುರಿಯುತ್ತ.

"ಟಿವೀಲೇ ಯೋಳ್ತಾವ್ರ ಕಣವ್ವ," ಎಂದ ಮಗ ಮಲ್ಲಿಕಾರ್ಜುನ.

"ಜನವರೀಲೂ ಟಿವೀಲೇ ಯೋಳಿದ್ರು."

ಭವ್ಯಶ್ರೀ ಅನ್ನದ ಪಾತ್ರೆಯ ಮುಚ್ಚಳ ಮುಚ್ಚಿದಳು.

ಮಲ್ಲಿಕಾರ್ಜುನನ ಹೆಂಡತಿ ಪವಿತ್ರ ನರ್ಸಿಂಗ್ ಓದಿದವಳು. ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿನಲ್ಲಿ ಆರು ವರ್ಷ ಕೆಲಸ ಮಾಡಿ, 2022ರ ಏಪ್ರಿಲ್‌ನಲ್ಲಿ ಇಸ್ರೇಲಿನ ಹೈಫಾ ಎಂಬ ಊರಿಗೆ ಹೋದಳು. ಒಬ್ಬ ವೃದ್ಧೆಯ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವ ಕೆಲಸ. "ನಮ್ಮನೇಲಿ ಮುದುಕ್ರಿಲ್ವಾ, ನೋಡ್ಕಳಕ್ಕೆ ಅಷ್ಟ್ ದೂರ ಓಗ್ಬೇಕಾ?" ಎಂದು ಶಿವನಂಜಮ್ಮ ಆಗ ಜಗಳ ತೆಗೆದಿದ್ದರು. ಸೊಸೆ ಹೊರಟ ದಿನ ಬಾಗಿಲಿಗೂ ಬಂದಿರಲಿಲ್ಲ.

ಹದಿನೆಂಟು ತಿಂಗಳ ನಂತರ, 2023ರ ಅಕ್ಟೋಬರ್ ಏಳರ ಶನಿವಾರ, ಯುದ್ಧ ಶುರುವಾಯಿತು. ಸೋಮವಾರ ಬೆಳಿಗ್ಗೆ ಶಿವನಂಜಮ್ಮ ತಲೆಗೆ ಸ್ನಾನ ಮಾಡಿ, ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಗಂಟು ಕಟ್ಟಿ, ಮನೆದೇವರು ಮಾದಪ್ಪನ ಪಟದ ಮೊಳೆಗೆ ನೇತುಹಾಕಿದರು. ಯುದ್ಧ ನಿಲ್ಲುವವರೆಗೆ ತಾನು ಅನ್ನ ಉಣ್ಣುವುದಿಲ್ಲ; ನಿಂತ ಮೇಲೆ ಮನೆಯಲ್ಲಿ ಪರ ಮಾಡಿ, ಎಂದರೆ ಮಾದಪ್ಪನ ಹೆಸರಿನಲ್ಲಿ ಊರವರಿಗೆ ಊಟ ಹಾಕಿ, ಎಲ್ಲರೂ ಎದ್ದ ಮೇಲೆ ಕೊನೆಯ ಎಲೆಯಲ್ಲಿ ತಾನು ಅನ್ನ ಉಣ್ಣುವುದು. ಇದು ಹರಕೆ. ಎರಡು ಎಕರೆ ಭತ್ತ ಬೆಳೆಯುವ ಮನೆಯ ಹೆಂಗಸು ಅಂದಿನಿಂದ ಇಡ್ಲಿ, ದೋಸೆಯನ್ನೂ ಮುಟ್ಟಲಿಲ್ಲ.

ಇದರಿಂದ ಆರೋಗ್ಯ ಕೆಡಲಿಲ್ಲ ಎನ್ನುವುದನ್ನೂ ಹೇಳಬೇಕು. ಕೊಳ್ಳೇಗಾಲದ ಡಾಕ್ಟರು ಸಕ್ಕರೆ ಇಳಿದಿದೆ ಎಂದರು. "ಈ ಯುದ್ಧದಿಂದ ಒಬ್ರಿಗಾದ್ರೂ ಒಳ್ಳೇದಾಯ್ತು," ಎಂದು ಪುಟ್ಟಮಾದಪ್ಪ ಅಂದದ್ದಕ್ಕೆ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದರು.

ತೊಡಕಾದದ್ದು ಈ ವರ್ಷದ ಜನವರಿಯಲ್ಲಿ. ಹತ್ತೊಂಬತ್ತನೇ ತಾರೀಕು ಕದನವಿರಾಮವಾಯಿತು. ಮರುವಾರವೇ ಶಿವನಂಜಮ್ಮ ಗಂಟನ್ನು ಮೊಳೆಯಿಂದ ಇಳಿಸಿ, ಗಂಡನೊಂದಿಗೆ ಹನೂರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಮಾದಪ್ಪನ ಬೆಟ್ಟ ಹತ್ತಿದರು. ದಾಸೋಹದಲ್ಲಿ ಬಿಸಿ ಅನ್ನದ ವಾಸನೆ ಮೂಗಿಗೆ ಬಡಿಯಿತು. ಪರವನ್ನು ಶಿವರಾತ್ರಿ ಕಳೆದ ಮೇಲೆ ಮಾಡಿದರಾಯಿತು ಎಂದುಕೊಂಡು ಅಲ್ಲೇ ಕೂತು ಉಂಡರು, ಎರಡನೇ ಸಲ ಬಡಿಸಿಕೊಂಡು. ಮಾರ್ಚ್ ಹದಿನೆಂಟರಂದು ಬಾಂಬು ಮತ್ತೆ ಬಿತ್ತು. ಪರ ಇನ್ನೂ ಆಗಿರಲಿಲ್ಲ.

"ಕೊನೇಲಿ ಉಣ್ತೀನಿ ಅಂದೋಳು ಮೊದ್ಲೇ ಉಂಡ್ಬುಟ್ಟೆ," ಎಂದು ಅವರು ಗಂಟನ್ನು ಮತ್ತೆ ಮೊಳೆಗೆ ಹಾಕಿದರು.

"ಬಾಂಬ್ ಆಕೋನು ನೀ ಉಂಡದ್ದ ನೋಡ್ಕಂಡು ಆಕದ್ನಾ?" ಎಂದರು ಪುಟ್ಟಮಾದಪ್ಪ.

"ನೀವು ಸುಮ್ನಿರಿ. ಮಾತು ಕೊಟ್ಟೋಳು ನಾನು."

ಜೂನ್‌ನಲ್ಲಿ ಪವಿತ್ರ ಯಾರನ್ನೂ ಕೇಳದೆ ಹದಿನೈದನೇ ತಾರೀಕಿನ ಟಿಕೆಟ್ ತೆಗೆದಳು. ಇಲ್ಲಿ ಮನೆಯವರು ಬಾಗಿಲ ಮುಂದೆ ಚಪ್ಪರ ಹಾಕಿಸಿ, ಊರಿಗೆಲ್ಲ ಹೇಳಿ, ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದರು. ಹದಿಮೂರರಂದು ಇರಾನಿನ ಜೊತೆ ಹೊಸ ಯುದ್ಧ ಶುರುವಾಗಿ ವಿಮಾನಗಳೇ ನಿಂತವು. ನೆನೆದ ಅಕ್ಕಿಯನ್ನು ಎಮ್ಮೆಗೆ ಹಾಕಿದರು. ಚಪ್ಪರದ ಗಳ ಬಿಚ್ಚುವಾಗ ಭವ್ಯಶ್ರೀ ಅತ್ತ ಅಳು ಪಕ್ಕದ ಬೀದಿಗೂ ಕೇಳಿಸಿತ್ತು.

ಹೀಗಾಗಿ ಅಕ್ಟೋಬರ್ ಹತ್ತರಂದು ಆ ಮನೆಯಲ್ಲಿ ಯಾರೂ ಕುಣಿಯಲಿಲ್ಲ.

ಮರುದಿನ ಬೆಳಿಗ್ಗೆ ಪುಟ್ಟಮಾದಪ್ಪ ಪೇಪರ್ ಹಿಡಿದು ಮಹದೇವುವಿನ ಟೀ ಹೋಟೆಲಿಗೆ ಹೋದರು. ಹನೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದ ಅವರಿಗೆ ದಿನದ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ. ಹೋಟೆಲಿನಲ್ಲಿ ಅದೇ ಮಾತು ನಡೆದಿತ್ತು.

"ಇನ್ನೊಂದ್ ತಿಂಗ್ಳು ಬುಟ್ಟಿದ್ರ ಪೂರಾ ಮುಗಿಸ್ಬುಡೋರು," ಎಂದ ಬೆಂಚಿನ ತುದಿಯಲ್ಲಿದ್ದವನು.

"ಏನ ಮುಗಿಸೋರು? ಉಳ್ಕಂಡಿರೋ ಮಕ್ಕಳ್ನಾ?" ಎಂದ ಮಹದೇವು, ಟೀ ಎತ್ತಿ ಸುರಿಯುತ್ತ.

"ಮೊದ್ಲು ನುಗ್ಗಿ ಕೊಂದೋರ್ಯಾರ್ಲಾ?"

"ಕೊಂದೋರು ಬ್ಯಾರೆ, ಸತ್ತೋರು ಬ್ಯಾರೆ ಕಣ್ಲಾ."

ಮೂರನೆಯವನಿಗೆ ಈ ಚರ್ಚೆ ಬೇಕಿರಲಿಲ್ಲ. "ಕಂಟ್ರೋಲರ್ ಸಾ, ಇನ್ಮೇಲೆ ಅಲ್ಲಿ ಮನೆ ಕಟ್ಟಕ್ಕೆ ಜನ ಬೇಕಾಯ್ತದಂತ. ನಿಮ್ ಸೊಸೇನ ಕೇಳಿ ನಂಗೊಂದು ವೀಸಾ ಕೊಡುಸ್ತೀರಾ?"

ಪುಟ್ಟಮಾದಪ್ಪ ಪೇಪರು ಮಡಚಿದರು. "ಮೊದಲನೇ ದಿನ ಇಸ್ರೇಲಲ್ಲಿ ಸತ್ತೋರು ಸಾವಿರದ ಇನ್ನೂರು. ಆಮ್ಯಾಕೆ ಗಾಜಾದಲ್ಲಿ ಸತ್ತೋರು ಅರವತ್ತೇಳು ಸಾವಿರ, ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ. ನಮ್ಮ ಯಳಂದೂರು ತಾಲ್ಲೂಕಿನ ಜನ ಎಷ್ಟು ಗೊತ್ತಾ? ಹಿಂದಿನ ಜನಗಣತೀಲಿ ಎಂಬತ್ತು ಸಾವಿರ ಚಿಲ್ರ. ಹತ್ತು ಮನೇಲಿ ಎಂಟು ಮನೆ ಖಾಲಿ ಅಂದ್ಕಳಿ. ಆಮ್ಯಾಕೆ ವೀಸಾ ಕೇಳು."

"ನಿಮ್ ಸೊಸೆ ಚೆನ್ನಾಗವ್ಳಲ್ಲ, ಅಷ್ಟ್ ಸಾಕು ಬುಡಿ," ಎಂದ ಮಹದೇವು.

ಸೋಮವಾರ ಸಂಜೆ ಪವಿತ್ರ ವಿಡಿಯೋ ಕರೆ ಮಾಡಿದಳು. ಅಂದು ಗಾಜಾದಲ್ಲಿ ಬದುಕುಳಿದಿದ್ದ ಒತ್ತೆಯಾಳುಗಳು ಬಿಡುಗಡೆಯಾಗಿದ್ದರು. ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿ ಎಲ್ಲರೂ ಅಡುಗೆಮನೆಯಲ್ಲಿ ಕೂತರು. ಶಿವನಂಜಮ್ಮ ಎಲೆಅಡಿಕೆ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿಯುತ್ತಿದ್ದರು. ದಿನಕ್ಕೆ ಹತ್ತು ಸಲ ಎಲೆ ಹಾಕದಿದ್ದರೆ ಅವರಿಗೆ ಕೈಕಾಲು ಆಡುವುದಿಲ್ಲ.

"ಬೀದೀಲಿ ಹೇಗಿದೆಯಮ್ಮ?" ಎಂದು ಕೇಳಿದಳು ಭವ್ಯಶ್ರೀ.

"ಮೇಲಿನ ಮನೆಯವರು ಬೆಳಿಗ್ಗೆಯಿಂದ ಹಾಡ್ತಾವ್ರೆ ಪುಟ್ಟಿ. ಕೆಳಗಿನ ಮನೆಯವರ ಮಗ ಬದುಕಿ ಬರಲಿಲ್ಲ, ಅವ್ರು ಬಾಗಿಲು ತೆಗೆದಿಲ್ಲ. ಮೆಟ್ಲು ಒಂದೇ. ಹಾಡೋರು ಇಳಿಯೋವಾಗ ಆ ಬಾಗಿಲ ಹತ್ರ ಬಂದು ಸುಮ್ನಾಗ್ತಾರೆ, ಬೀದಿಗೆ ಹೋಗಿ ಮತ್ತೆ ಹಾಡ್ತಾರೆ."

"ನಿನ್ನ ಅಜ್ಜಿ?" ಪವಿತ್ರ ನೋಡಿಕೊಳ್ಳುವ ವೃದ್ಧೆಯನ್ನು ಭವ್ಯಶ್ರೀ 'ಅಮ್ಮನ ಅಜ್ಜಿ' ಎನ್ನುತ್ತಿದ್ದಳು.

"ಅವ್ರು ಟಿವಿ ನೋಡ್ತಾ ಅತ್ರು, ಆಮೇಲೆ ಸೂಪಿಗೆ ಉಪ್ಪಿಲ್ಲ ಅಂತ ನನ್ನನ್ನ ಬೈದ್ರು," ಎಂದು ಪವಿತ್ರ ನಕ್ಕಳು. "ಅತ್ತೆ, ಒಂದು ಮಾತು. ನವೆಂಬರ್‌ನಲ್ಲಿ ನನಗೆ ಐದು ವಾರ ರಜೆ ಸಿಗುತ್ತೆ. ಬದಲಿಗೆ ಒಬ್ಳು ಕೇರಳದ ಹುಡುಗಿ ಅವ್ಳೆ. ಶುಕ್ರವಾರದೊಳಗೆ ಹೇಳದಿದ್ರೆ ಅವಳು ಬೇರೆ ಮನೆಗೆ ಹೋಗ್ಬಿಡ್ತಾಳೆ. ಆಮೇಲೆ ಮುಂದಿನ ಮಳೆಗಾಲದವರೆಗೂ ರಜೆ ಇಲ್ಲ."

"ಬಾ ಮತ್ತೆ," ಎಂದ ಮಲ್ಲಿಕಾರ್ಜುನ.

"ನಿಮ್ಮನ್ನ ಕೇಳ್ತಿಲ್ಲ. ಜೂನ್‌ನಲ್ಲಿ ಅತ್ತೇನ ಕೇಳದೆ ಟಿಕೆಟ್ ತಗೊಂಡೆ, ಎಲ್ರನ್ನೂ ಅಳಿಸ್ದೆ. ಈ ಸಲ ಅವ್ರು ಹೂಂ ಅಂದ ಮೇಲೇ."

ಶಿವನಂಜಮ್ಮ ಎಲೆಗೆ ಸುಣ್ಣ ಹಚ್ಚಿದರು. "ಶುಕ್ರವಾರಕ್ಕೆ ಇನ್ನೂ ದಿನ ಅದ," ಎಂದರು.

ಮರುದಿನ ಗದ್ದೆಯಿಂದ ಬಂದ ಮಲ್ಲಿಕಾರ್ಜುನ ಕಾಲು ತೊಳೆಯುವ ಮೊದಲೇ ಜಗಳ ತೆಗೆದ. "ಮೂರೂವರೆ ವರ್ಸ ಆಯ್ತು ಕಣವ್ವ. ಕೂಸು ನನ್ನೆದೆ ಉದ್ದ ಬಂದವ್ಳ. ನಿನ್ ಹರಕೆಗೆ ನನ್ನೆಂಡ್ತಿ ಅಲ್ಲೇ ಕುಂತಿರ್ಬೇಕಾ?"

"ಬಂದ್ರ ಮತ್ತೆ ಓಗ್ಬೇಕಲ್ಲ? ಓದಾಗ ಸುರುವಾದ್ರ? ದಾರೀಲಿ ಸುರುವಾದ್ರ?"

"ನಿಂತದ ಅಂತ ಪ್ರಪಂಚವೇ ಯೋಳ್ತದ."

ಶಿವನಂಜಮ್ಮ ಜಗಲಿಯ ಮೇಲಿದ್ದ ಗಂಡನತ್ತ ತಿರುಗಿದರು. "ಅಷ್ಟು ವರ್ಸ ಬಸ್‌ಸ್ಟ್ಯಾಂಡಲ್ ಕುಂತಿದ್ರಲ್ಲ, ನೀವೇ ಯೋಳಿ. ಬಸ್ಸು ನಿಂತ್ಕಂಡ್ರೆ ಟ್ರಿಪ್ಪು ಮುಗೀತಾ?"

ಪುಟ್ಟಮಾದಪ್ಪ ಸುಳ್ಳು ಹೇಳಲಾರರು. "ಮುಗಿಯಲ್ಲ. ಇಂಜಿನ್ ಆಫ್ ಮಾಡಿ, ಡ್ರೈವರ್ ಇಳಿದು ಬಂದು, ಲಾಗ್‌ಶೀಟಿಗೆ ಸೈನ್ ಆಕ್ಬೇಕು."

"ಕೇಳುಸ್ಕಂಡ್ಯಾ?" ಎಂದರು ಶಿವನಂಜಮ್ಮ ಮಗನಿಗೆ.

"ಅಪ್ಪ, ನೀನೂ ಒಬ್ಬ," ಎಂದು ಮಲ್ಲಿಕಾರ್ಜುನ ಚೊಂಬು ಕುಕ್ಕಿ ಒಳಗೆ ಹೋದ. ರಾತ್ರಿ ಊಟಕ್ಕೆ ಬರಲಿಲ್ಲ. ಅವನ ಪಾಲಿನ ಅನ್ನಕ್ಕೆ ಭವ್ಯಶ್ರೀ ನೀರು ಹಾಕಿಟ್ಟಳು. ಬೆಳಿಗ್ಗೆ ಅದಕ್ಕೆ ಮಜ್ಜಿಗೆ ಕಲಸಿ ಅವನೇ ಉಂಡ, ಯಾರ ಮುಖವನ್ನೂ ನೋಡದೆ.

ಗುರುವಾರ ತೆಂಗಿನಕಾಯಿ ಕೀಳಿಸಲು ಇನಾಯತ್ ಸಾಬರು ಬಂದರು. ಕೊಳ್ಳೇಗಾಲದ ವ್ಯಾಪಾರಿ, ಇಪ್ಪತ್ತು ವರ್ಷದಿಂದ ಈ ಮನೆಯ ಕಾಯಿ ಅವರಿಗೇ. ಮರ ಹತ್ತುವವರು ತೋಟಕ್ಕೆ ಹೋದ ಮೇಲೆ ಅವರು ಎಂದಿನಂತೆ ಜಗಲಿಯ ಅಂಚಿನಲ್ಲಿ ಕೂತರು. ಶಿವನಂಜಮ್ಮ ಕಾಫಿ ತಂದಿಟ್ಟರು.

"ಸೊಸೆ ಹೇಗವ್ರೆ ಅಮ್ಮಾ?"

"ಚೆಂದಾಗವ್ಳ. ನಿಂತದ್ದು ಕೇಳಿ ನಿಮ್ಮನೇಲಿ ಎಲ್ರಿಗೂ ಸಮಾಧಾನ ಆಯ್ತಾ?"

ಇನಾಯತ್ ಲೋಟ ಕೆಳಗಿಟ್ಟರು. "ಆಯ್ತು. ನಮ್ಮ ತಾಯಿ ನಮಾಜು ಮುಗಿಸಿ ಎಲ್ರಿಗೂ ಸಿಹಿ ಹಂಚಿದ್ರು. ಮಾರನೇ ದಿನ ಟಿವೀಲಿ ಆ ಜನ ಊರಿಗೆ ವಾಪಸ್ ನಡ್ಕೊಂಡು ಹೋಗೋದು ತೋರಿಸಿದ್ರಲ್ಲ? ಮನೆ ಇದ್ದ ಜಾಗದಲ್ಲಿ ಬರೀ ಕಲ್ಲು ಮಣ್ಣು. ಒಬ್ಬ ಹೆಂಗಸು ಅದರ ಮೇಲೇ ನಿಂತು ಬಾಗಿಲು ಎಲ್ಲಿತ್ತು ಅಂತ ಹುಡುಕ್ತಿದ್ಳು. ಅದನ್ನ ನೋಡಿ ನಮ್ಮ ತಾಯಿ ಊಟದ ತಟ್ಟೆ ಪಕ್ಕಕ್ಕೆ ಇಟ್ರು."

ಶಿವನಂಜಮ್ಮ ಹೊಸ್ತಿಲ ಮೇಲೆ ಕೂತರು. "ನಾ ಎರಡು ವರ್ಸದಿಂದ ಒಬ್ಬಳಿಗೋಸ್ಕರ ಅನ್ನ ಬುಟ್ಟೋಳು. ಅವ್ರನ್ನ ನೆನೀಲೇ ಇಲ್ಲ."

"ಅವರವರ ಮನೆಯವರನ್ನ ನೆನೆಯೋದು ತಪ್ಪಲ್ಲ ಅಮ್ಮಾ."

"ಅವಳ್ನ ಬಾ ಅನ್ನಕ್ಕೆ ಭಯ ಆಯ್ತದ ಸಾಬ್ರೇ. ಪೂರಾ ನಿಲ್ಲಲಿ ಅಂತೀನಿ."

"ಪೂರ್ತಿ ನಿಲ್ಲೋದನ್ನ ಕಾಯ್ತಾ ಕೂತ್ರೆ ನಮಗೆ ಅಷ್ಟು ಆಯಸ್ಸು ಎಲ್ಲಿದೆ?" ಎಂದರು ಇನಾಯತ್. "ಮನೆ ಇದೆ, ಬಾಗಿಲಿದೆ. ಬರೋರನ್ನ ಬರೋಕೆ ಬಿಡಿ."

ಕಾಯಿ ಎಣಿಸಿ ಗಾಡಿಗೆ ತುಂಬಿ ಅವರು ಹೋದರು. ಶಿವನಂಜಮ್ಮ ಕಸಬರಿಕೆ ಹಿಡಿದು ಅಂಗಳದಲ್ಲಿ ಬಿದ್ದ ಸಿಪ್ಪೆ, ಗರಿ ಗುಡಿಸಿದರು. ಗುಡಿಸಿದ ಜಾಗವನ್ನೇ ಮತ್ತೊಮ್ಮೆ ಗುಡಿಸಿದರು. ಸಂಜೆ ಮೊಮ್ಮಗಳನ್ನು ಕರೆದು, "ನಿಮ್ಮವ್ವಂಗೆ ಪೋನ್ ಮಾಡು ಕೂಸೆ," ಎಂದರು.

ಪವಿತ್ರ ಫೋನ್ ಎತ್ತಿದೊಡನೆ ಪೀಠಿಕೆಯಿಲ್ಲದೆ ಹೇಳಿದರು: "ಟಿಕೆಟ್ ತಕ್ಕೊ. ಪರ ನೀ ಬಂದ್ಮ್ಯಾಕೆ. ಊರಿಗೆ ನಾ ಯೋಳಲ್ಲ, ಚಪ್ಪರ ಆಕ್ಸಲ್ಲ. ಬಂದು ಬಾಗ್ಲಲ್ಲಿ ನಿಂತ್ಕೊ, ಆಗ ನೋಡವ."

"ಹೂಂ ಅತ್ತೆ," ಎಂದಳು ಪವಿತ್ರ.

ಗುಟ್ಟು ಗುಟ್ಟಾಗಿಯೇ ಉಳಿಯಿತು ಎನ್ನಲಾಗದು. ದೀಪಾವಳಿಯ ನೆಪದಲ್ಲಿ ಶಿವನಂಜಮ್ಮ ಸೊಸೆಯ ಬೀರು ತೆಗೆದು ಸೀರೆಗಳನ್ನೆಲ್ಲ ಬಿಸಿಲಿಗೆ ಹರವಿದರು. ಹಬ್ಬ ಕಳೆದು ಎರಡು ವಾರವಾದರೂ ಮನೆಗೆ ಸುಣ್ಣ ಹೊಡೆಸುವುದು ನಿಲ್ಲಲಿಲ್ಲ. ಪಕ್ಕದ ಮನೆಯ ಚಾಮುಂಡಮ್ಮ ಬೇಲಿಯ ಆಚೆಯಿಂದ ಕೇಳಿದರು: "ಏನಕ್ಕ, ಸೊಸೆ ಬತ್ತಾಳಾ?"

"ಯಾರ್ ಯೋಳಿದ್ದು?"

"ಯಾರೂ ಯೋಳ್ನಿಲ್ಲ. ಅವಳ ಮಂಚದ ಕಾಲೂ ತೊಳೀತಿದ್ದೀಯಲ್ಲ."

"ಗೆದ್ಲು ಹತ್ಕಂಡಿತ್ತು," ಎಂದರು ಶಿವನಂಜಮ್ಮ. ಮಂಚ ಕಬ್ಬಿಣದ್ದು.

ಮಲ್ಲಿಕಾರ್ಜುನ ದಿನಕ್ಕೆರಡು ಸಲ ಫೋನಿನಲ್ಲಿ ವಿಮಾನದ ಸುದ್ದಿ ನೋಡುತ್ತಿದ್ದ. ಪುಟ್ಟಮಾದಪ್ಪ ಬೆಳಿಗ್ಗೆ ಆರಕ್ಕೆ ಪೇಪರ್ ಬಿಡಿಸುವಾಗ ಹೆಂಡತಿ ಅಂಗಳಕ್ಕೆ ನೀರು ಹಾಕುತ್ತ, "ಏನಂತ?" ಎಂದು ಕೇಳುವುದು ಎರಡು ವರ್ಷದ ರೂಢಿ. ಅಕ್ಟೋಬರ್ ಕೊನೆಯಲ್ಲಿ ಮತ್ತೆ ಬಾಂಬು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಅವರು ಓದಿ ಹೇಳಿದರು, ಮರುದಿನ ವಿರಾಮ ಮುಂದುವರಿದದ್ದನ್ನೂ ಹೇಳಿದರು. ಆ ಎರಡು ದಿನ ಶಿವನಂಜಮ್ಮ ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟರು. ಟಿಕೆಟ್ ರದ್ದು ಮಾಡು ಎಂದು ಮಾತ್ರ ಅನ್ನಲಿಲ್ಲ.

ನವೆಂಬರ್ ಇಪ್ಪತ್ತರ ಗುರುವಾರ ಬೆಳಿಗ್ಗೆ ಬೆಂಗಳೂರಿನಿಂದ ಬಂದ ಕಾರು ಮನೆ ಮುಂದೆ ನಿಂತಿತು. ಪವಿತ್ರ ಇಳಿದಳು. ಭವ್ಯಶ್ರೀ ಒಂದು ತಿಂಗಳಿಂದ ಅಭ್ಯಾಸ ಮಾಡಿದ್ದ ಮಾತುಗಳನ್ನೆಲ್ಲ ಮರೆತು ಅಜ್ಜಿಯ ಸೆರಗಿನ ಹಿಂದೆ ನಿಂತಳು. ಪವಿತ್ರಳೂ ಅಷ್ಟೆ, ಎದುರಿಗಿದ್ದ ಉದ್ದ ಹುಡುಗಿಯನ್ನು ನೋಡುತ್ತ, ಕೈಚೀಲದಿಂದ ಒಂದು ಜೊತೆ ಬಿಳಿ ಶೂ ತೆಗೆದಳು. ಅವು ಎರಡು ಅಳತೆ ಚಿಕ್ಕವು.

"ಜೂನ್‌ನಲ್ಲಿ ತಗೊಂಡದ್ದು," ಎಂದಳು.

"ಪರ್ವಾಗಿಲ್ಲಮ್ಮ, ಬೆರಳು ಮಡಚ್ಕೋತೀನಿ," ಎಂದಳು ಭವ್ಯಶ್ರೀ. ಆಗ ತಾಯಿ ಮಗಳಿಬ್ಬರೂ ಒಟ್ಟಿಗೆ ಅತ್ತರು, ಒಟ್ಟಿಗೇ ನಕ್ಕರು.

ಶಿವನಂಜಮ್ಮ ಈ ಸಲ ಬಾಗಿಲಲ್ಲೇ ಇದ್ದರು. ಸೊಸೆಯ ರಟ್ಟೆ ಹಿಡಿದು ನೋಡಿ, "ಅಲ್ಲಿ ಅಜ್ಜಿಗೆ ಉಪ್ಪಿಲ್ದ ಸೂಪು, ನಿಂಗೆ ಏನೂ ಇಲ್ವೇನೋ," ಎಂದರು.

ಪರ ಭಾನುವಾರಕ್ಕೆ ನಿಗದಿಯಾಯಿತು. ಅರವತ್ತು ಎಲೆಯ ಊಟ. ಬೆಳಿಗ್ಗೆ ನಾಲ್ಕಕ್ಕೇ ಒಲೆ ಹೊತ್ತಿತು. ಅತ್ತೆ ಕಜ್ಜಾಯ ತಟ್ಟಿದರೆ ಸೊಸೆ ಕರಿದಳು. ಮಲ್ಲಿಕಾರ್ಜುನ ದೊಡ್ಡ ಕೊಪ್ಪರಿಗೆಯಲ್ಲಿ ಅನ್ನಕ್ಕೆ ನೀರಿಟ್ಟ.

ಆರಕ್ಕೆ ಜಗಲಿಯ ಮೇಲೆ ಪೇಪರ್ ಬಿತ್ತು. ಪುಟ್ಟಮಾದಪ್ಪ ಬಿಡಿಸಿದರು. ಹಿಂದಿನ ದಿನ ಗಾಜಾದ ಮೇಲೆ ಮತ್ತೆ ವಾಯುದಾಳಿ, ಇಪ್ಪತ್ತನಾಲ್ಕು ಸಾವು. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿ ಮೂಟೆಯ ಕೆಳಗೆ ತೂರಿಸಿದರು. ಅರವತ್ತೊಂಬತ್ತು ವರ್ಷದ ಬದುಕಿನಲ್ಲಿ ಅವರು ಪೇಪರ್ ಬಚ್ಚಿಟ್ಟದ್ದು ಅದೇ ಮೊದಲು.

"ಏನಂತ?" ಎಂದು ಒಳಗಿನಿಂದ ಕೇಳಿದರು ಶಿವನಂಜಮ್ಮ.

"ಇವತ್ತು ಪೇಪರ್ ಬಂದಿಲ್ಲ."

ಶಿವನಂಜಮ್ಮ ಸೇರು ಹಿಡಿದು ಅಕ್ಕಿ ಅಳೆಯಲು ಬಂದರು.

ಹನ್ನೊಂದರಿಂದ ಮೂರು ಪಂಕ್ತಿ ನಡೆಯಿತು. ಇನಾಯತ್ ಸಾಬರು ತಾಯಿಯನ್ನು ಮನೆಯಲ್ಲಿ ಬಿಟ್ಟು ಒಬ್ಬರೇ ಬಂದಿದ್ದರು. ಒಳಗೆ ಕರೆದರೂ, ಅಭ್ಯಾಸದಂತೆ ಜಗಲಿಯ ಅಂಚಿನಲ್ಲೇ ಕೂತರು. ಪುಟ್ಟಮಾದಪ್ಪ ತಮ್ಮ ಎಲೆಯನ್ನೂ ಹಿಡಿದು ಬಂದು ಅವರ ಪಕ್ಕ ಕೂತರು. ಪವಿತ್ರ ಇಬ್ಬರಿಗೂ ಅಲ್ಲೇ ಬಡಿಸಿದಳು.

ಎಲ್ಲರೂ ಎದ್ದಾಗ ಎರಡು ಗಂಟೆ. ನಡುಮನೆ ಒರೆಸಿ ಒಂದೇ ಎಲೆ ಹಾಕಿದರು. ಶಿವನಂಜಮ್ಮ ಕೂತು, ಎಲೆಗೆ ನೀರು ಚಿಮುಕಿಸಿ, ಗಂಡನತ್ತ ನೋಡಿದರು.

"ಪೇಪರ್ ತನ್ನಿ."

"ಬಂದಿಲ್ಲ ಅಂದ್ನಲ್ಲ."

"ಬಿದ್ದ ಸದ್ದು ಕೇಳಿಸ್ತು. ಅಕ್ಕಿ ಅಳೀವಾಗ ಮೂಟೆ ಕೆಳಗೆ ಕಂಡ್ತು. ನಂಗೆ ಓದಕ್ಕೆ ಬರಲ್ಲ, ಅದಕ್ಕೆ ಕೇಳ್ತಿದ್ದೀನಿ."

ಪುಟ್ಟಮಾದಪ್ಪ ತಂದುಕೊಟ್ಟರು. ಪವಿತ್ರ ಓದಿದಳು. ಇಪ್ಪತ್ತನಾಲ್ಕು ಎಂಬಲ್ಲಿ ಅವಳ ದನಿ ಇಳಿಯಿತು. ಮಲ್ಲಿಕಾರ್ಜುನ ಅನ್ನದ ಪಾತ್ರೆ ಹಿಡಿದು ನಿಂತವನು ನಿಂತೇ ಇದ್ದ.

"ಎಲ್ರೂ ಉಂಡ್ರಾ?" ಎಂದು ಕೇಳಿದರು ಶಿವನಂಜಮ್ಮ.

"ಉಂಡ್ರು ಅತ್ತೆ."

"ನೀ ಉಂಡ್ಯಾ?"

"ಉಂಡೆ."

"ಅಂಗಾದ್ರ ಬಡಿಸು."

ಪವಿತ್ರ ಗಂಡನ ಕೈಯಿಂದ ಪಾತ್ರೆ ತೆಗೆದುಕೊಂಡು ಎರಡು ಸೌಟು ಅನ್ನ ಹಾಕಿ, ಮೇಲೆ ಬೇಳೆ ಸಾರು ಬಿಟ್ಟಳು. ಶಿವನಂಜಮ್ಮ ಅವಸರವಿಲ್ಲದೆ ಕಲಸಿ ಉಂಡರು, ಒಂದಗುಳೂ ಬಿಡದೆ. ಮಜ್ಜಿಗೆಗೆ ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡರು. ಕೈ ತೊಳೆದು ಬಂದು, ಮಾದಪ್ಪನ ಪಟದ ಮೊಳೆಯಿಂದ ಗಂಟು ತೆಗೆದು ಬಿಚ್ಚಿದರು. ನಾಣ್ಯವನ್ನು ಬೆಟ್ಟದ ಹುಂಡಿಗೆಂದು ಗಂಡನ ಕೈಗೆ ಕೊಟ್ಟರು.

"ಇನ್ನೊಂದ್ರುಪಾಯಿ ತತ್ತಾ ಕೂಸೆ," ಎಂದರು ಭವ್ಯಶ್ರೀಗೆ.

"ಯಾಕಜ್ಜಿ? ಅಮ್ಮ ಬಂದಾಯ್ತಲ್ಲ?"

"ಅದು ನಿಮ್ಮವ್ವನ್ದು, ತೀರ್ತು. ಇದು ಅಲ್ಲಿ ಬಾಗ್ಲು ಹುಡುಕ್ತಾ ನಿಂತವ್ಳಲ್ಲ, ಅವಳ್ದು."

ಹೊಸ ನಾ‍ಣ್ಯವನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ಹಾಕಿದರು. ನಂತರ ಸೊಂಟದಿಂದ ಎಲೆಅಡಿಕೆ ಚೀಲ ಕಳಚಿ ಪಟದ ಕೆಳಗಿಟ್ಟರು.

ಪುಟ್ಟಮಾದಪ್ಪ ನೋಡಿದರು. "ಅನ್ನ ಬುಟ್ಟಿರ್ತೀಯ, ಒಪ್ತೀನಿ. ಇದ ಬುಟ್ಟು ಒಂದಿನ ಇರಲ್ಲ ನೀನು."

"ನೋಡವ."

ಸೋಮವಾರ ಬೆಳಿಗ್ಗೆ ಆರಕ್ಕೆ ಪೇಪರ್ ಬಿತ್ತು. ಒಳಗೆ ಪವಿತ್ರ, ಭವ್ಯಶ್ರೀ ಒಂದೇ ಕಂಬಳಿಯಲ್ಲಿ ಮಲಗಿದ್ದರು. ನಿನ್ನೆ ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ಬಂದ ಶಿವನಂಜಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತರು. ಅವರ ಕೈ ಸೊಂಟದ ಹತ್ತಿರ ಹೋಗಿ, ಏನೂ ಸಿಗದೆ ಮಡಿಲಿಗೆ ಮರಳಿತು.

"ಏನಂತ?" ಎಂದರು.

ಪುಟ್ಟಮಾದಪ್ಪ ಕನ್ನಡಕ ಏರಿಸಿ, ಒಂದು ಸಾಲೂ ಬಿಡದೆ ಓದಿ ಹೇಳಿದರು.